ಸೆಲೀನಳ ಕೋಟು, ಸ್ತಾನಾಳ ಗೋರಿ

ಲೆನ್ ವೈಸ್‌ಮನ್ ನಿರ್ದೇಶನದ 'ಅಂಡರ್‌ವರ್ಲ್ಡ್' (2003) ಸಿನಿಮಾವನ್ನು ನಾನು ಮೊದಲು ನೋಡಿದ್ದು ಪರೀಕ್ಷೆಯ ಹಿಂದಿನ ರಾತ್ರಿ, ಓದುವುದು ಬಿಟ್ಟು. ಸುರಿವ ಮಳೆ, ನೀಲಿ ಬೆಳಕು, ಕಟ್ಟಡದ ತುದಿಯಲ್ಲಿ ಕೂತ ಸೆಲೀನ್. ಅಷ್ಟೆತ್ತರದಿಂದ ಧುಮುಕಿ, ಕಪ್ಪು ತೊಗಲಿನ ಕೋಟು ಬೀಸುತ್ತಾ ಏನೂ ಆಗದವಳಂತೆ ನಡೆದುಹೋದಾಗ ಬಾಯಿಬಿಟ್ಟುಕೊಂಡು ನೋಡಿದ್ದೆ. ಮೊನ್ನೆ ಮತ್ತೆ ನೋಡಿದೆ. ಆ ಜಿಗಿತ ಈಗಲೂ ಸೊಗಸು. ಆಮೇಲಿನದು ಬರೀ ಗುಂಡಿನ ಸದ್ದು.

ಬೇಸರವೆಂದರೆ, ಚಿತ್ರದ ಕೈಯಲ್ಲಿ ಒಳ್ಳೆಯ ವಸ್ತುವಿತ್ತು. ರಕ್ತಪಿಶಾಚಿಗಳಿಗೂ ತೋಳಮಾನವರಿಗೂ ಶತಮಾನಗಳ ಯುದ್ಧ. ತನ್ನ ಮನೆಯವರನ್ನು ಕೊಂದದ್ದು ತೋಳಮಾನವರೆಂದು ಸೆಲೀನ್ ನಂಬಿದ್ದಾಳೆ. ಕೊಂದವನು ಅವಳನ್ನು ಮಗಳಂತೆ ಸಾಕಿದ ವಿಕ್ಟರ್. ಹಳೆಯದನ್ನು ಕೆದಕುವುದು ಅವರಲ್ಲಿ ನಿಷಿದ್ಧ. ಗೆದ್ದವರು ಬರೆದಿಟ್ಟ ಸುಳ್ಳು ಚರಿತ್ರೆಯ ಕಥೆಯಿದು. ಆದರೆ ಆ ಸುಳ್ಳು ಬಯಲಾಗುವ ಗಳಿಗೆಯಲ್ಲೂ ಚಿತ್ರಕ್ಕೆ ಮುಂದಿನ ಹೊಡೆದಾಟದ್ದೇ ಅವಸರ.

ತನ್ನದೇ ಚರಿತ್ರೆಯ ಬಗ್ಗೆಯೂ ಅದಕ್ಕೆ ಇಷ್ಟೇ ಉದಾಸೀನ. ಎರಡೂ ಕುಲಗಳ ಮೂಲಪುರುಷ ಅಲೆಕ್ಸಾಂಡರ್ ಕೋರ್ವಿನಸ್ 5ನೇ ಶತಮಾನದ ಹಂಗೇರಿಯನ್ ದಳಪತಿಯಂತೆ. ಹಂಗೇರಿಯನ್ನರು ಆ ನಾಡಿಗೆ ಬಂದದ್ದೇ 9ನೇ ಶತಮಾನದ ಕೊನೆಯಲ್ಲಿ! ಕೋರ್ವಿನಸ್ ಎಂಬುದು 15ನೇ ಶತಮಾನದ ದೊರೆ ಮಥಿಯಾಸನ ಹೆಸರು. ಕಿವಿಗೆ ಇಂಪಾಗಿದೆಯೆಂದು ಎತ್ತಿಕೊಂಡಿರಬೇಕು.

ಚಿತ್ರೀಕರಣ ನಡೆದದ್ದು ಬುಡಾಪೆಸ್ಟಿನಲ್ಲಿ. ಆ ಊರನ್ನು ಸೀಳಿ ಹರಿಯುವ ಡ್ಯಾನ್ಯೂಬ್ ನದಿ ಮುಂದೆ ಸೆರ್ಬಿಯಾಕ್ಕೆ ಇಳಿಯುತ್ತದೆ. ಯುರೋಪಿಗೆ ವ್ಯಾಂಪೈರ್ ಎಂಬ ಮಾತು ಹಬ್ಬಿದ್ದು ಅಲ್ಲಿಂದ, ಸರ್ಕಾರಿ ಕಡತಗಳ ಮೂಲಕ. ಆಗ ಆ ಪ್ರದೇಶ ವಿಯೆನ್ನಾದ ಆಳ್ವಿಕೆಯಲ್ಲಿತ್ತು. 1725ರಲ್ಲಿ ಕಿಸಿಲ್ಯೆವೊ ಎಂಬ ಹಳ್ಳಿಯಲ್ಲಿ ಎಂಟು ದಿನಗಳಲ್ಲಿ ಒಂಬತ್ತು ಜನ ಸತ್ತರು. ಕೆಲವು ವಾರಗಳ ಹಿಂದೆ ಸತ್ತಿದ್ದ ಪೇತರ್ ಎಂಬ ರೈತನೇ ಎದ್ದುಬಂದು ಕೊಲ್ಲುತ್ತಿದ್ದಾನೆ ಎಂದರು. ಮೇಲಿನವರ ಅಪ್ಪಣೆ ಬರಲಿ ಎಂದ ಅಧಿಕಾರಿಗೆ, ಹೆಣ ತೆಗೆಯಲು ಬಿಡದಿದ್ದರೆ ಊರೇ ಬಿಟ್ಟು ಹೋಗುತ್ತೇವೆ ಎಂದರು. ಅವನು ಮಣಿದ. ವರದಿಯ ಕೊನೆಗೆ, ತಪ್ಪಾಗಿದ್ದರೆ ಅದು ನನ್ನದಲ್ಲ, ಭಯದಿಂದ ಹುಚ್ಚೆದ್ದ ಜನರದ್ದು ಎಂದು ಬರೆದು ಕೈತೊಳೆದುಕೊಂಡ. ಗುಮಾಸ್ತರ ಜಾಣತನ ಎಲ್ಲ ಕಾಲಕ್ಕೂ ಒಂದೇ.

ನನ್ನನ್ನು ಹೆಚ್ಚು ಕಾಡುವುದು 1732ರ ವರದಿ. ಮೆದ್ವೆಜಾ ಎಂಬಲ್ಲಿ ಮೂರು ತಿಂಗಳಲ್ಲಿ ಹದಿನೇಳು ಸಾವು. ಸೇನಾ ವೈದ್ಯ ಫ್ಲೂಕಿಂಗರ್ ಗೋರಿಗಳನ್ನು ತೆರೆಸಿ ಒಂದೊಂದೇ ಹೆಣ ಪರೀಕ್ಷಿಸಿದ. ಪಟ್ಟಿಯಲ್ಲಿ ಮೊದಲ ಹೆಸರು ಸ್ತಾನಾ, ಇಪ್ಪತ್ತು ವರ್ಷ. ಮೂರು ದಿನ ಕಾಯಿಲೆ ಬಿದ್ದು, ಹೆರಿಗೆಯಲ್ಲಿ ಸತ್ತವಳು. ಹುಟ್ಟಿದೊಡನೆ ಸತ್ತ ಕೂಸನ್ನು ಸರಿಯಾಗಿ ಹೂಳದೆ ನಾಯಿಗಳು ಅರ್ಧ ತಿಂದಿದ್ದವು. ವ್ಯಾಂಪೈರ್ ಕಾಟದಿಂದ ಪಾರಾಗಲು ಅದರದೇ ರಕ್ತ ಬಳಿದುಕೊಂಡಿದ್ದೆ ಎಂದು ಸಾಯುವ ಮುಂಚೆ ಅವಳು ಹೇಳಿದ್ದಳಂತೆ. ಅದೇ ಅವಳ ಮೇಲಿನ ಸಾಕ್ಷಿಯಾಯಿತು. ದೇಹ ಕೊಳೆಯದೆ ಇದ್ದದ್ದು ಇನ್ನೊಂದು ಸಾಕ್ಷಿ. ನೆಲದೊಳಗಿನ ತಂಪಿನಲ್ಲಿ ಹೆಣ ನಿಧಾನ ಕೊಳೆಯುತ್ತದೆ, ಉಬ್ಬುತ್ತದೆ, ಬಾಯಿಂದ ಕೆಂಪು ದ್ರವ ಒಸರುತ್ತದೆ ಎಂಬುದು ಇಂದು ಗೊತ್ತಿರುವ ಸಂಗತಿ. ಮಹಾರಾಣಿ ಮರಿಯಾ ಥೆರೇಸಾ ತನ್ನ ವೈದ್ಯ ವಾನ್ ಸ್ವೀಟನ್‌ನ ಮಾತು ಕೇಳಿ ಇಂಥ ಗೋರಿ ಅಗೆತವನ್ನು ತಡೆದದ್ದು 1755ರಲ್ಲಿ.

ಇವರಲ್ಲಿ ಒಬ್ಬರೂ ಅರಮನೆಯವರಲ್ಲ. ರೈತರು, ಗಡಿಯ ಸಿಪಾಯಿಗಳು, ಬಾಣಂತಿಯರು. 1819ರಲ್ಲಿ ಪಾಲಿಡೋರಿ ತನ್ನ ಕಥೆಯಲ್ಲಿ ವ್ಯಾಂಪೈರನ್ನು ಇಂಗ್ಲಿಷ್ ಶ್ರೀಮಂತನನ್ನಾಗಿ ಮಾಡಿದ; 1897ರಲ್ಲಿ ಸ್ಟೋಕರ್ ಅವನಿಗೆ ಕೋಟೆ ಕೊಟ್ಟ. ವೈಸ್‌ಮನ್‌ನ ಚಿತ್ರದಲ್ಲಿ ಬಂಗಲೆ, ವೈನಿನ ಲೋಟ, ಮಖಮಲ್ಲು ಎಲ್ಲ ಇವೆ. ಹಳ್ಳಿಯ ಗೋರಿ ಮಾತ್ರ ಇಲ್ಲ.

ಸೆಲೀನ್ ಮುಂದಿನ ಭಾಗಗಳಲ್ಲೂ ಬಂದಳು. ಮೆದ್ವೆಜಾದಲ್ಲಿ ಪರೀಕ್ಷೆ ಮುಗಿದ ಮೇಲೆ, ಕೊಳೆಯದ ಹೆಣಗಳ ತಲೆ ಕಡಿಸಿ, ಸುಟ್ಟು, ಬೂದಿಯನ್ನು ಮೊರಾವಾ ನದಿಗೆ ಚೆಲ್ಲಿದರು. ಸ್ತಾನಾ ಅವರಲ್ಲೊಬ್ಬಳು.