ಕಡಲಕರೆಯ ಹಳೆ ಬದುಕು

ಈ ವರ್ಷ ನಮ್ಮ ವಾಚನಾಲಯದವರು ಕಡಲಕರೆಯ ಹಳೆ ಬದುಕನ್ನು ಒಂದು ದಿನದ ಮಟ್ಟಿಗೆ ಮತ್ತೆ ಮಾಡಿ ತೋರಿಸಿದರು. ತೆಂಗಿನ ನಾರಿನ ಹುರಿ ಹೊಸೆಯುವುದು, ಬಲೆ ನೇಯುವುದು, ಮೀನಿಗೆ ಉಪ್ಪು ಹಾಕುವುದು, ಎಲ್ಲವನ್ನೂ ಶಾಲೆಯ ಮಕ್ಕಳ ಕೈಯಿಂದಲೇ ಮಾಡಿಸಿದರು. ಆ ದಿನ ಮಕ್ಕಳು ಕೇಳಿದ ಎರಡು ಪ್ರಶ್ನೆಗಳಿಗೆ ಸ್ವಲ್ಪ ಉದ್ದದ ಉತ್ತರ ಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲನೆಯದು, "ಇಷ್ಟು ದೊಡ್ಡ ರಂಪಣಿ ಬಲೆ ಯಾರದ್ದು?"

ಒಬ್ಬರದ್ದಲ್ಲ. ಹಲವು ಮನೆಯವರು ತಮ್ಮ ತಮ್ಮ ತುಂಡು ಬಲೆ ತಂದು ಜೋಡಿಸಿದರೆ ಮಾತ್ರ ರಂಪಣಿ ಆಗುತ್ತಿತ್ತು. ನೀರಿನ ಬಣ್ಣ, ಹಕ್ಕಿಗಳ ಹಾರಾಟ ನೋಡಿ ಬಂಗುಡೆಯೋ ಬೂತಾಯಿಯೋ ಗುಂಪಾಗಿ ಬಂದದ್ದನ್ನು ಅನುಭವಸ್ಥರು ಹೇಳುವರು. ದೋಣಿಯವರು ಮೀನಿನ ಸುತ್ತ ಅರ್ಧಚಂದ್ರದ ಹಾಗೆ ಬಲೆ ಬಿಡುವರು. ಎರಡೂ ತುದಿಯ ಹಗ್ಗವನ್ನು ದಡದಿಂದ ಎಳೆಯಲು ಹತ್ತಾರು ಜನ ಬೇಕು. ಸಿಕ್ಕಿದ್ದರಲ್ಲಿ ಬಲೆಗೆ ಪಾಲು, ದೋಣಿಗೆ ಪಾಲು, ದುಡಿದವರಿಗೆ ಪಾಲು. 1970ರ ದಶಕದ ಕೊನೆಗೆ ಪರ್ಸೀನ್ ಬೋಟುಗಳು ಬಂದವು. ಮೀನು ದಡಕ್ಕೆ ಬರುವ ಮೊದಲೇ ಅವು ಹಿಡಿದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿಗಳು ಮೂಲೆ ಸೇರಿದವು.

ಎರಡನೆಯದು, "ಕಡಲ ನೀರೇ ಉಪ್ಪಲ್ವಾ, ಮತ್ತೆ ಉಪ್ಪಿಗೆ ದುಡ್ಡು ಯಾಕೆ?"

1799ರಲ್ಲಿ ಟಿಪ್ಪು ಮಡಿದ ಮೇಲೆ ನಮ್ಮ ಕರಾವಳಿ ಕಂಪೆನಿ ಸರಕಾರದ ಕೈಗೆ ಹೋಯಿತು. ಸ್ವಲ್ಪ ವರ್ಷದಲ್ಲೇ ಮದ್ರಾಸ್ ಆಧಿಪತ್ಯದಲ್ಲಿ ಉಪ್ಪು ಸರಕಾರದ ಸ್ವತ್ತಾಯಿತು. ತಾವೇ ಉಪ್ಪು ಮಾಡಿಕೊಂಡರೆ ಅಪರಾಧ. ಕ್ರಯ ಕೊಟ್ಟು ಉಪ್ಪು ಹಾಕಿದರೆ ಮೀನಿನಲ್ಲಿ ಏನೂ ಗಿಟ್ಟದು. ಉಪ್ಪು ಕಡಿಮೆ ಹಾಕಿದರೆ ಮೀನು ಕೊಳೆಯುತ್ತದೆ. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಸರಕಾರವು ಕರಾವಳಿಯಲ್ಲಿ ಮೀನು ಉಪ್ಪು ಹಾಕುವ ಅಂಗಳಗಳನ್ನು ತೆರೆಯಿತು. ಅಲ್ಲಿ ಕಡಿಮೆ ಕ್ರಯಕ್ಕೆ ಉಪ್ಪು ಸಿಗುತ್ತಿತ್ತು. ಆದರೆ ಮೀನನ್ನು ಅಲ್ಲೇ, ಬೇಲಿಯ ಒಳಗೆ, ಸರಕಾರದವರ ಕಣ್ಣೆದುರೇ ಉಪ್ಪು ಹಾಕಬೇಕು. ಉಪ್ಪು ಮನೆಗೆ ಹೋಗಬಾರದು. ಉಪ್ಪಿನ ತೆರಿಗೆ ಹೋದದ್ದು 1947ರಲ್ಲಿ.

ನನಗೆ ಅನಿಸುವುದು ಇಷ್ಟು. ಬಲೆ, ಹುರಿ ಮಾತ್ರ ತೋರಿಸಿದರೆ ಹಳೆಗಾಲವೆಂದರೆ ಬರೀ ಜಾತ್ರೆ ಎಂದು ಮಕ್ಕಳು ತಿಳಿದಾರು. ಆಟಿ ತಿಂಗಳಲ್ಲಿ ಕಡಲಿಗೆ ಇಳಿಯಲಾಗದೆ ಒಲೆ ಉರಿಯದ ಮನೆಗಳಿದ್ದವು. ಬುಟ್ಟಿ ಹೊತ್ತು ಮೈಲುಗಟ್ಟಲೆ ನಡೆದು ಮೀನು ಮಾರಿದ ಹೆಂಗಸರಿದ್ದರು. ಅದನ್ನೂ ಹೇಳಬೇಕು.

ಹೇಳುವವರು ಯಾರು? 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ದಕ್ಷಿಣ ಕನ್ನಡ ಜಿಲ್ಲೆಯ ಚರಿತ್ರೆ ನಮ್ಮ ಮಕ್ಕಳಿಗೆ ಪಕ್ಕದ ರಾಜ್ಯದ ಚರಿತ್ರೆ ಆಯ್ತು. 1975ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ರಂಪಣಿ ಎಳೆದವರಿಗೆ ಈಗ ಎಪ್ಪತ್ತು ದಾಟಿತು. ಮಾಸ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನ ವಿನಂತಿ: ಮಕ್ಕಳನ್ನು ಅಂಥವರ ಜಗಲಿಗೆ ಕಳಿಸಿ. ಪಾಲು ಹೇಗೆ ಹಂಚುತ್ತಿದ್ದರು, ಬಲೆಯ ಒಂದೊಂದು ಭಾಗಕ್ಕೆ ಏನು ಹೆಸರು, ಮಳೆಗಾಲದಲ್ಲಿ ಏನು ಉಣ್ಣುತ್ತಿದ್ದರು, ಕೇಳಿ ಬರೆಯಲಿ. ಬರೆದ ಪುಸ್ತಕ ವಾಚನಾಲಯದ ಕಪಾಟಿನಲ್ಲಿ ಇರಲಿ. ಮುಂದಿನ ವರ್ಷ ಅದನ್ನು ನೋಡಿಯೇ ಆ ದಿನವನ್ನು ಮಾಡುವಾ.