ಹೊಳೆಯ ಮೇರೆ, ಊರಿನ ಕಟ್ಟಳೆ

ವಾಚಕರೆ, ಪ್ರತಿಯೊಂದು ಹೊಳೆಗೂ ಎರಡು ಮೇರೆಗಳುಂಟು. ಬೇಸಗೆಯಲ್ಲಿ ನಾವು ಕಾಣುವ ದಡ ಒಂದು. ನೆರೆ ಬಂದಾಗ ನೀರು ಮುಟ್ಟುವ ಎಲ್ಲೆ ಇನ್ನೊಂದು. ಇವೆರಡರ ನಡುವಣ ನೆಲವೇ ನೆರೆಬಯಲು. ಹತ್ತಾರು ವರ್ಷ ನೀರು ಅತ್ತ ಸುಳಿಯದಿದ್ದರೆ ಮನುಷ್ಯನು ಆ ನೆಲ ತನ್ನದೇ ಎಂದು ಭಾವಿಸಿ ಅಲ್ಲಿ ಮನೆ ಕಟ್ಟುತ್ತಾನೆ. ಹಾಗೆ ಭಾವಿಸಿ, ಪೆಟ್ಟು ತಿಂದು, ಬುದ್ಧಿ ಕಲಿತ ಊರೊಂದರ ಇತಿಹಾಸವನ್ನು ತಮ್ಮ ಮುಂದಿಡುತ್ತೇನೆ.

ಅಮೆರಿಕದ ದಕ್ಷಿಣ ಡಕೋಟ ರಾಜ್ಯದಲ್ಲಿ ರ‍್ಯಾಪಿಡ್ ಸಿಟಿ ಎಂಬ ಪಟ್ಟಣವಿದೆ. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳಿಂದ ಇಳಿದುಬರುವ ರ‍್ಯಾಪಿಡ್ ಕ್ರೀಕ್ ಎಂಬ ಹೊಳೆ ಊರಿನ ನಡುವೆಯೇ ಹರಿಯುತ್ತದೆ. 1907ರಲ್ಲಿಯೂ ಅದು ಉಕ್ಕಿತ್ತು. 1956ರಲ್ಲಿ ಮೇಲ್ಭಾಗದಲ್ಲಿ ಪ್ಯಾಕ್ಟೋಲ ಅಣೆಕಟ್ಟು ಪೂರ್ಣವಾಯಿತು. ಹೊಳೆಯಂಚಿನಲ್ಲಿ ಮನೆಗಳೂ ಅಂಗಡಿಗಳೂ ಒತ್ತಾಗಿ ನಿಂತಿದ್ದುವು.

1972ರ ಜೂನ್ 9ರಂದು ಬೆಟ್ಟದಲ್ಲಿ ಕೆಲವೆಡೆ ಸುಮಾರು ಆರೇ ಗಂಟೆಗಳಲ್ಲಿ 15 ಅಂಗುಲ ಮಳೆ ಸುರಿಯಿತು. ಅದರಲ್ಲಿ ಬಹುಪಾಲು ಬಿದ್ದದ್ದು ಅಣೆಕಟ್ಟಿನ ಕೆಳಗೆ! ಕಟ್ಟೆ ಇದ್ದೂ ಊರಿಗೆ ಕಾವಲಿಲ್ಲದಂತಾಯಿತು. ರಾತ್ರಿ ಹತ್ತೂವರೆಯ ವೇಳೆಗೆ, ತಗ್ಗಿನಲ್ಲಿರುವವರು ಕೂಡಲೆ ಮನೆ ಬಿಡಬೇಕೆಂದು ನಗರಾಧ್ಯಕ್ಷರು ಬಾನುಲಿಯಲ್ಲಿ ಸಾರಿದರು. ಸ್ವಲ್ಪ ಹೊತ್ತಿಗೆ ಪಟ್ಟಣದ ಪಶ್ಚಿಮದ ಕ್ಯಾನ್ಯನ್ ಲೇಕ್ ಕೆರೆಯ ಏರಿ ಒಡೆಯಿತು. 238 ಜನ ಮಡಿದರು. 1,335 ಮನೆಗಳು ನಾಶವಾದುವು. ಬಾನುಲಿ ಜನರನ್ನು ಎಚ್ಚರಿಸಬಲ್ಲುದು. ತಪ್ಪಾದ ಜಾಗದಲ್ಲಿ ಕಟ್ಟಿದ ಮನೆಯನ್ನು ಎತ್ತಿ ಬೇರೆಡೆ ಇಡಲಾರದು.

ಮುಂದೆ ಆ ಊರಿನವರು ಮಾಡಿದ್ದೇ ಮೆಚ್ಚತಕ್ಕ ಕೆಲಸ. ಕೊಚ್ಚಿಹೋದ ಜಾಗದಲ್ಲಿ ಮತ್ತೆ ಮನೆ ಕಟ್ಟಕೂಡದೆಂದು ನಿಶ್ಚಯಿಸಿದರು. ಬಾಳಿ ಬದುಕಿದ ನಿವೇಶನವನ್ನು ಬಿಟ್ಟುಕೊಡುವುದು ಯಾರಿಗೂ ಸುಲಭವಲ್ಲ. ಆದರೂ ಕೇಂದ್ರ ಸರ್ಕಾರದ ನೆರವಿನಿಂದ ನಗರಾಡಳಿತ ಆ ನೆಲವನ್ನು ಕೊಂಡು, ಸಂಸಾರಗಳಿಗೆ ಬೇರೆಡೆ ನೆಲೆ ಕಲ್ಪಿಸಿತು. ಇಂದು ಅಲ್ಲಿ ಉದ್ಯಾನಗಳಿವೆ, ಆಟದ ಬಯಲುಗಳಿವೆ. ನೆರೆ ಬಂದರೆ ಹುಲ್ಲು ನೆನೆದೀತು, ತೊಟ್ಟಿಲು ತೇಲದು.

ಆ ದೇಶದಲ್ಲಿ 1968ರ ಶಾಸನದ ಮೇರೆಗೆ, ನೆರೆಬಯಲಿಗೆ ಕಟ್ಟಳೆ ಮಾಡಿಕೊಂಡ ಊರಿಗೆ ಮಾತ್ರ ಸರ್ಕಾರದ ನೆರೆವಿಮೆ ದೊರೆಯುತ್ತದೆ. ಕಟ್ಟಳೆಯ ತಿರುಳು ಸರಳವಾದದ್ದು. ನೀರು ರಭಸದಿಂದ ಹರಿಯುವ ಹಾದಿಯಲ್ಲಿ ನೆರೆಯ ಮಟ್ಟವನ್ನು ಏರಿಸುವಂಥದೇನನ್ನೂ ಕಟ್ಟಬಾರದು, ಮಣ್ಣು ತುಂಬಬಾರದು. ಅಂಚಿನಲ್ಲಿ ಹೊಸದಾಗಿ ಕಟ್ಟುವ ಮನೆಯ ನೆಲಗಟ್ಟು ಗೊತ್ತುಮಾಡಿದ ನೆರೆಮಟ್ಟಕ್ಕಿಂತ ತಗ್ಗಿರಬಾರದು. ಈ ಮಟ್ಟವನ್ನು "ನೂರು ವರ್ಷದ ನೆರೆ" ಎನ್ನುವ ರೂಢಿಯುಂಟು. ನೂರು ವರ್ಷಕ್ಕೊಮ್ಮೆ ಮಾತ್ರ ಬರುವುದೆಂದು ಇದರ ಅರ್ಥವಲ್ಲ. ಪ್ರತಿವರ್ಷವೂ ಬರುವ ಸಂಭವ ನೂರಕ್ಕೆ ಒಂದು. ಮೂವತ್ತು ವರ್ಷ ಅಲ್ಲಿ ವಾಸಿಸಿದವನಿಗೆ ಅದು ನೂರಕ್ಕೆ 26ರಷ್ಟಾಗುತ್ತದೆ.

ನಮ್ಮ ಕೇಂದ್ರ ಸರ್ಕಾರವೂ 1975ರಲ್ಲಿ ಇಂಥದೇ ಮಾದರಿ ಮಸೂದೆಯನ್ನು ರಾಜ್ಯಗಳಿಗೆ ಕಳುಹಿಸಿತು. ಮಣಿಪುರ, ರಾಜಸ್ಥಾನ, ಉತ್ತರಾಖಂಡಗಳಂಥ ಕೆಲವೇ ರಾಜ್ಯಗಳು ಶಾಸನ ಮಾಡಿದುವು. 2009ರಲ್ಲಿ ಉತ್ತರ ಕರ್ನಾಟಕದ ನೆರೆಯನ್ನು ಕಂಡ ನಮಗೆ ಇದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ.

ಆದುದರಿಂದ ವಾಚಕರೆ, ನಿವೇಶನ ಕೊಳ್ಳುವ ಮೊದಲು ಪತ್ರಗಳನ್ನು ನೋಡುವಂತೆಯೇ ಊರಿನ ಹಿರಿಯರನ್ನೂ ಒಂದು ಮಾತು ಕೇಳಿರಿ: "ಹಿಂದೆ ನೀರು ಎಲ್ಲಿಯವರೆಗೆ ಬಂದಿತ್ತು?" ನಾವು ಮರೆತರೂ ಹೊಳೆ ತನ್ನ ಮೇರೆಯನ್ನು ಮರೆಯುವುದಿಲ್ಲ.