ಮಲಾಡಿನ ದೇಸಾಯಿ, ಬೀಳಗಿಯ ಅಮೀರ್‌ಬಾಯಿ

ಮಗಳ ಮನೆ ಮಲಾಡ್ ಪಶ್ಚಿಮದಲ್ಲಿದೆ. ರಿಕ್ಷಾದವರಿಗೆ "ಬಾಂಬೆ ಟಾಕೀಸ್ ಕಂಪೌಂಡ್" ಅಂದರೆ ಮುಂದೆ ಏನೂ ಹೇಳಬೇಕಾಗಿಲ್ಲ. ಹೋದ ಸಲ ಜೊತೆಯಲ್ಲಿದ್ದ ಮೊಮ್ಮಗ ಸುತ್ತ ನೋಡಿ ಕೇಳಿದ: "ಅಜ್ಜಾ, ಇಲ್ಲಿ ಟಾಕೀಸ್ ಎಲ್ಲೈತಿ? ಬರೇ ಗಾಲಾನ ಅದಾವಲ್ಲ?"

ಅವನು ಕೇಳಿದ್ದು ಸರಿಯಾಗಿತ್ತು. ಸಣ್ಣಪುಟ್ಟ ಕಾರ್ಖಾನೆ, ವರ್ಕ್‌ಶಾಪು, ಗೋದಾಮು ಬಿಟ್ಟರೆ ಅಲ್ಲಿ ಈಗ ಕಣ್ಣಿಗೆ ಬೀಳುವಂಥದ್ದು ಏನೂ ಇಲ್ಲ. ಈ ಟಾಕೀಸ್ ಅಂದರೆ ಸಿನಿಮಾ ತೋರಿಸುವ ಜಾಗವಲ್ಲ, ಸಿನಿಮಾ ತಯಾರಿಸುತ್ತಿದ್ದ ಕಂಪನಿ ಅಂತ ಅವನಿಗೆ ಬಿಡಿಸಿ ಹೇಳಿದೆ. 1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾರಾಣಿ ಅದನ್ನು ಕಟ್ಟಿದರು. ಜರ್ಮನಿಯಿಂದ ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಜೋಸೆಫ್ ವಿರ್ಶಿಂಗ್ ಬಂದರು. 1936ರ 'ಅಛೂತ್ ಕನ್ಯಾ'ದಿಂದ ಅಶೋಕ್ ಕುಮಾರ್ ಮನೆಮಾತಾದರು. 1940ರಲ್ಲಿ ರಾಯ್ ತೀರಿಕೊಂಡರು, ಕಂಪನಿಯಲ್ಲಿ ಎರಡು ಬಣಗಳಾದವು, ಒಂದು ಬಣ ಹೊರಬಂದು ಗೋರೆಗಾಂವ್‌ನಲ್ಲಿ ಫಿಲ್ಮಿಸ್ತಾನ್ ತೆರೆಯಿತು. ದೇವಿಕಾರಾಣಿ ಮುಂದೆ ಚಿತ್ರಕಾರ ರೋರಿಕ್ ಅವರನ್ನು ಮದುವೆಯಾಗಿ ಬೆಂಗಳೂರಿನ ತಾತಗುಣಿಯ ತೋಟದಲ್ಲಿ ಬಾಳಿದ್ದು ನಮ್ಮ ಓದುಗರಿಗೆ ಗೊತ್ತಿರುವ ಸಂಗತಿಯೇ. ಇದೆಲ್ಲ ಪುಸ್ತಕಗಳಲ್ಲಿದೆ, ಹಾಗಾಗಿ ಇಲ್ಲಿಗೇ ಬಿಡುತ್ತೇನೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ ಕಂಪೌಂಡಿನಲ್ಲಿ ದುಡಿದ ಇನ್ನೊಬ್ಬ ಮನುಷ್ಯ, ಹಾಸ್ಯನಟ ವಿ.ಎಚ್. ದೇಸಾಯಿ.

ಮೊಮ್ಮಗನಿಗೆ ತೋರಿಸೋಣವೆಂದು ಆ ರಾತ್ರಿ 'ಕಿಸ್ಮತ್' ಹಾಕಿದೆವು. 1943ರ ಚಿತ್ರ, ನಿರ್ದೇಶನ ಜ್ಞಾನ್ ಮುಖರ್ಜಿ ಅವರದು. ಕಲಕತ್ತೆಯ ರಾಕ್ಸಿ ಚಿತ್ರಮಂದಿರವೊಂದರಲ್ಲೇ 187 ವಾರ ಓಡಿತು. ನಾಯಕನೇ ಜೇಬುಗಳ್ಳ, ಆ ಕಾಲಕ್ಕೆ ಅದು ದೊಡ್ಡ ಎದೆಗಾರಿಕೆ. ಜೈಲಿನಿಂದ ಆಗತಾನೇ ಹೊರಬಿದ್ದ ಶೇಖರ್, ಅಂದರೆ ಅಶೋಕ್ ಕುಮಾರ್, ಬಾಂಕೆ ಎಂಬ ಚಿಲ್ಲರೆ ಕಳ್ಳ ಮುದುಕನೊಬ್ಬನ ಚಿನ್ನದ ಗಡಿಯಾರ ಎಗರಿಸುವುದನ್ನು ನೋಡುತ್ತಾನೆ. ನೋಡಿ, ಬಾಂಕೆಯ ಕೈಯಿಂದ ಅದನ್ನು ತಾನು ಹಾರಿಸುತ್ತಾನೆ. ಕಳ್ಳನಿಗೆ ಮಳ್ಳನಾದ ಆ ಬಾಂಕೆಯೇ ದೇಸಾಯಿ. ಇಡೀ ಕಥೆಗೆ ಗಡಿಯಾರ ತಂದುಕೊಡುವವನು ಅವನು. ಆದರೂ 'ಕಿಸ್ಮತ್' ಬಗ್ಗೆ ಬರೆದವರು ಅವನ ಹೆಸರನ್ನು ಪಾತ್ರಗಳ ಪಟ್ಟಿಯಲ್ಲಿ ಹಾಕಿ ಮುಂದೆ ಹೋಗುತ್ತಾರೆ. 1941ರ 'ಝೂಲಾ'ದಲ್ಲೂ, ಧಾರವಾಡದಲ್ಲಿ ಹುಟ್ಟಿದ ಲೀಲಾ ಚಿಟ್ನಿಸ್ ನಾಯಕಿಯಾಗಿದ್ದ ಚಿತ್ರದಲ್ಲಿ, ಅವರಿದ್ದಾರೆ. ಅಲ್ಲೂ ಅದೇ ಗತಿ.

ದೇಸಾಯಿಯವರನ್ನು ಪೂರ್ತಿ ಮರೆವಿಗೆ ಬೀಳದಂತೆ ಉಳಿಸಿದ್ದು ಒಂದೇ ಒಂದು ಬರಹ. ಕಥೆಗಾರ ಸಾದತ್ ಹಸನ್ ಮಂಟೋ ಮುಂಬಯಿಯ ಚಿತ್ರರಂಗದಲ್ಲಿ ಕೆಲಸ ಮಾಡಿದವರು. ಲಾಹೋರಿಗೆ ಹೋದ ಮೇಲೆ ಇಲ್ಲಿಯ ಗೆಳೆಯರ ಬಗ್ಗೆ ನೆನಪುಗಳನ್ನು ಬರೆದರು. ಅಶೋಕ್ ಕುಮಾರ್, ನರ್ಗಿಸ್, ಶ್ಯಾಮ್ ಅಂಥವರ ಸಾಲಿನಲ್ಲೇ ದೇಸಾಯಿಗೂ ಒಂದು ಅಧ್ಯಾಯ ಕೊಟ್ಟರು. ಅದರ ತಿರುಳು ಇಷ್ಟೇ: ದೇಸಾಯಿಗೆ ಸಂಭಾಷಣೆ ನೆನಪಿರುತ್ತಿರಲಿಲ್ಲ. ಒಂದು ಮಾತಿನ ಜಾಗಕ್ಕೆ ಇನ್ನೊಂದು ಮಾತು ಬರುತ್ತಿತ್ತು, ಹಿಂದಿನದು ಮುಂದೆ, ಮುಂದಿನದು ಹಿಂದೆ.

ಇದು ಎಂಥ ಸಂಕಟ ಅನ್ನುವುದು ಆ ಕಾಲದ ಚಿತ್ರೀಕರಣದ ರೀತಿ ತಿಳಿದರೆ ಅರ್ಥವಾಗುತ್ತದೆ. ಈಗಿನಂತೆ ಆಮೇಲೆ ಡಬ್ಬಿಂಗ್ ಕೋಣೆಯಲ್ಲಿ ಕೂತು ತಿದ್ದುವಂತಿರಲಿಲ್ಲ. ಕ್ಯಾಮೆರಾ ಓಡುವಾಗಲೇ ಮಾತೂ ಮುದ್ರಣವಾಗುತ್ತಿತ್ತು. ಒಂದು ಪದ ತಪ್ಪಿದರೆ ಇಡೀ ಶಾಟ್ ಮತ್ತೆ ಮೊದಲಿನಿಂದ. ಮರೆಯಲ್ಲಿ ನಿಂತು ಪಿಸುಮಾತಿನಲ್ಲಿ ಹೇಳಿಕೊಡೋಣವೆಂದರೆ ಅದನ್ನೂ ಮೈಕು ಹಿಡಿಯುತ್ತಿತ್ತು. ನಮ್ಮ ಕಡೆಯ ಕಂಪನಿ ನಾಟಕದಲ್ಲಿ ಹಾಸ್ಯದ ಪಾತ್ರದವನು ಮಾತು ಮರೆತರೆ ಎದುರಿಗೆ ಕೂತ ಗೌಡರನ್ನೋ ಮಾಸ್ತರರನ್ನೋ ನೋಡಿ ಏನಾದರೂ ಹೊಸದು ಹೊಡೆದು ಚಪ್ಪಾಳೆ ಗಿಟ್ಟಿಸುತ್ತಿದ್ದ. ಜಮಖಂಡಿ, ಮುಧೋಳದ ಜಾತ್ರೆಗಳಲ್ಲಿ ನಾಟಕ ನೋಡಿ ಬೆಳೆದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಸ್ಟುಡಿಯೋದಲ್ಲಿ ಆ ಸವಲತ್ತಿಲ್ಲ. ಮೇಲಾಗಿ ಮಹಾಯುದ್ಧದ ಕಾಲ, ಕಚ್ಚಾ ಫಿಲ್ಮಿಗೆ ತತ್ವಾರ. ಸರ್ಕಾರ ಒಂದು ಚಿತ್ರ 11,000 ಅಡಿ ಮೀರಬಾರದೆಂದು ಮಿತಿ ಹಾಕಿತ್ತು. ಅಂಥ ದಿನಗಳಲ್ಲಿ ಈ ಮನುಷ್ಯನಿಗೆ ಟೇಕ್ ಮೇಲೆ ಟೇಕ್.

ಮಂಟೋ ಹೇಳುವ ಒಂದು ಪ್ರಸಂಗ ಫಿಲ್ಮಿಸ್ತಾನ್‌ನ 'ಆಠ್ ದಿನ್' (1946) ಚಿತ್ರದ್ದು. ಕಥೆ, ಸಂಭಾಷಣೆ ಮಂಟೋ ಅವರದೇ. ತಲೆಕೆಟ್ಟ ಸೈನಿಕನ ಸಣ್ಣ ಪಾತ್ರವನ್ನೂ ಅವರೇ ಮಾಡಿದ್ದಾರೆ. ದೇಸಾಯಿ ಒಬ್ಬಾಕೆಗೆ ಧೈರ್ಯ ಹೇಳುತ್ತ, ತಾನೂ ಪೇಶಾವರದ ನೀರು ಕುಡಿದವನೇ ಅನ್ನಬೇಕು. 'ಪೇಶಾವರ್' ಅಂದ ನಾಲಿಗೆ ಅದೇ ಜಾಡಿನಲ್ಲಿ ಜಾರಿ, ನೀರಿನ ಜಾಗಕ್ಕೆ 'ಪೇಶಾಬ್', ಅಂದರೆ ಮೂತ್ರ, ಅಂದುಬಿಡುತ್ತಿತ್ತು. ಸೆಟ್ಟಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುವುದು, ಮತ್ತೆ ದೀಪ, ಮತ್ತೆ ಕ್ಲಾಪ್, ಮತ್ತೆ ಅದೇ ಪೇಶಾಬ್. ಪಾಪ, ದೇಸಾಯಿ ಪ್ರತಿ ಸಲವೂ ಈ ಸಲ ಖಂಡಿತ ಸರಿ ಹೇಳುತ್ತೇನೆ ಎಂಬ ಭರವಸೆಯಿಂದಲೇ ನಿಲ್ಲುತ್ತಿದ್ದರು.

ಇಷ್ಟು ತೊಂದರೆ ಕೊಡುವ ನಟನನ್ನು ಯಾಕೆ ಮತ್ತೆ ಮತ್ತೆ ಕರೆಯುತ್ತಿದ್ದರು? ತೆರೆಯ ಮೇಲೆ ಅವರ ಮುಖ ಕಂಡರೆ ಸಾಕು, ಚಿತ್ರಮಂದಿರ ನಗುತ್ತಿತ್ತು. ಮಂಟೋಗೆ ಇದು ದೇವರ ಕೊಡುಗೆಯಂತೆ ಕಾಣುತ್ತದೆ. ದೇಸಾಯಿಯ ಸ್ವಂತ ಕಲೆ ಅದರಲ್ಲಿ ಇದ್ದಿರಲಾರದು ಎನ್ನುವ ಧಾಟಿ ಅವರ ಬರಹದಲ್ಲಿದೆ. ಇದನ್ನು ನಾನು ಒಪ್ಪುವುದಿಲ್ಲ. ಬಾಂಕೆಯನ್ನು ಗಮನಿಸಿ ನೋಡಿ. ಮಾತು ಬಾಯಿಗೆ ಬರುವ ಮುಂಚೆ ಒಂದು ತಡವರಿಕೆ ಇದೆ. ಮುಂದಿನ ಪದ ಸಿಗುತ್ತದೋ ಇಲ್ಲವೋ ಎಂಬ ನಿಜವಾದ ಅಂಜಿಕೆ ಅದು. ಕಳ್ಳತನಕ್ಕೆ ಇಳಿದು ದಕ್ಕಿಸಿಕೊಳ್ಳಲಾರದ ಪುಕ್ಕಲನ ಮುಖದ ಮೇಲೆ ಅಂಥದೇ ಅಂಜಿಕೆ ಇರಬೇಕು. ಅಶೋಕ್ ಕುಮಾರ್ ಸಿಗರೇಟು ಹಿಡಿದು ಮಾತನ್ನು ಸಲೀಸಾಗಿ ಉದುರಿಸುವಾಗ ಎದುರಿಗೆ ಈ ತಡವರಿಕೆ ಇರುವುದರಿಂದಲೇ ಆ ಸಲೀಸುತನ ಎದ್ದು ಕಾಣುತ್ತದೆ. ತನ್ನ ದೌರ್ಬಲ್ಯವನ್ನು ಮುಚ್ಚಿಡಲಾಗದಿದ್ದರೂ ದಿನವೂ ಕ್ಯಾಮೆರಾ ಎದುರು ಬಂದು ನಿಲ್ಲುವುದಕ್ಕೆ ಗಟ್ಟಿ ಜೀವ ಬೇಕು. ಅದನ್ನು ಕಲೆ ಅಲ್ಲ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

1949ರಲ್ಲಿ ಮೆಹಬೂಬ್ ಖಾನರ 'ಅಂದಾಜ್' ಬಂತು. ದಿಲೀಪ್ ಕುಮಾರ್, ರಾಜ್ ಕಪೂರ್, ನರ್ಗಿಸ್ ಮೂವರೂ ಇರುವ ಆ ಚಿತ್ರದಲ್ಲಿ ದೇಸಾಯಿ ಪ್ರೊಫೆಸರ್ ಡಿ.ಡಿ.ಟಿ. ಆಗಿ ಬರುತ್ತಾರೆ. ಯುದ್ಧ ಮುಗಿದ ಹೊಸತರಲ್ಲಿ ಡಿ.ಡಿ.ಟಿ. ಎಂಬ ಪುಡಿಯ ಹೆಸರು ಎಲ್ಲರ ಬಾಯಲ್ಲಿತ್ತು. ಸ್ವಲ್ಪ ವರ್ಷಗಳ ನಂತರ ಮಲೇರಿಯಾದವರು ನಮ್ಮ ಬನಹಟ್ಟಿಯ ಓಣಿಗಳಿಗೂ ಪಂಪು ಹೊತ್ತು ಬಂದರು. ಮಗ್ಗದ ಕುಣಿಯ ಸುತ್ತ ಬಿಳಿ ಕಲೆ ಬೀಳುತ್ತದೆ, ನೂಲಿಗೆ ವಾಸನೆ ಹತ್ತುತ್ತದೆ ಅಂತ ಮನೆಯ ಹೆಂಗಸರು ಅವರ ಜೊತೆ ಜಗಳ ತೆಗೆಯುತ್ತಿದ್ದುದು ನನ್ನ ನೆನಪಿನಲ್ಲಿದೆ.

ದೇಸಾಯಿ ಎಂಬ ಹೆಸರು ಕಂಡಾಗ ನನ್ನ ಕಿವಿ ನೆಟ್ಟಗಾಗಿದ್ದು ಸುಳ್ಳಲ್ಲ. ನಮ್ಮ ಭಾಗದಲ್ಲಿ ದೇಸಗತಿ ಮನೆತನಗಳು ಹೆಜ್ಜೆಗೊಂದು. ಆದರೆ ದೇಸಾಯಿ ಎಂಬುದು ಹಳೆಯ ಕಂದಾಯದ ಹುದ್ದೆ. ಗುಜರಾತಿನಿಂದ ಕೊಂಕಣ, ಕರ್ನಾಟಕದವರೆಗೆ ಎಲ್ಲ ಕಡೆಯೂ ಅದು ಅಡ್ಡಹೆಸರಾಗಿ ಉಳಿದಿದೆ. ಅಷ್ಟನ್ನೇ ಹಿಡಿದುಕೊಂಡು ಅವರನ್ನು ನಮ್ಮವರನ್ನಾಗಿ ಮಾಡಿಕೊಳ್ಳುವುದು ನ್ಯಾಯವಲ್ಲ, ಆ ಎಳೆಯನ್ನು ಇಲ್ಲಿಗೇ ಬಿಟ್ಟೆ.

ಬಿಡಲಾಗದ ಎಳೆ ಬೇರೊಂದಿದೆ, ಅದೂ 'ಕಿಸ್ಮತ್'ನಲ್ಲೇ. ನಾಯಕಿ ರಾಣಿಯಾಗಿ ಮುಮ್ತಾಜ್ ಶಾಂತಿ ತುಟಿ ಆಡಿಸುತ್ತಾರೆ, ಹಾಡುವ ದನಿ ನಮ್ಮ ಬೀಳಗಿಯದು. ಅಮೀರ್‌ಬಾಯಿ ಕರ್ನಾಟಕಿ! ಆಗ ಬೀಳಗಿ ವಿಜಾಪುರ ಜಿಲ್ಲೆಯಲ್ಲಿತ್ತು, ಬಾಗಲಕೋಟೆ ಜಿಲ್ಲೆಯಾದದ್ದು 1997ರಲ್ಲಿ. ಅಕ್ಕ ಗೋಹರ್‌ಬಾಯಿ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿ ಹೆಸರಾದವರು. ತಂಗಿ ಮುಂಬಯಿಗೆ ಬಂದು ಚಿತ್ರಗಳಲ್ಲಿ ನಟಿಸಿ, ಹಾಡಿ, 'ಕಿಸ್ಮತ್'ನಿಂದ ದೇಶದ ಮನೆಮನೆಗೆ ತಲುಪಿದರು. ಅನಿಲ್ ಬಿಸ್ವಾಸ್ ಸಂಗೀತ, ಕವಿ ಪ್ರದೀಪ್ ಸಾಹಿತ್ಯ. ದೀಪಾವಳಿಯ ದಿನದ ಆ ದುಃಖದ ಹಾಡು ಅಮೀರ್‌ಬಾಯಿಯದು. ಪರಕೀಯರನ್ನು ದೂರ ಹೋಗಿ ಎನ್ನುವ ಪ್ರಸಿದ್ಧ ಗೀತೆಯಲ್ಲಿ ಖಾನ್ ಮಸ್ತಾನಾ ಜೊತೆ ಇರುವ ಹೆಣ್ಣುದನಿಯೂ ಅವರದೇ. ಚಲೇಜಾವ್ ಚಳವಳಿಯ ಬಿಸಿ ಆರದ ಹೊತ್ತು. ಹಾಡಿನಲ್ಲಿ ಜರ್ಮನಿ, ಜಪಾನಿನ ಹೆಸರಿದ್ದದ್ದರಿಂದ ಸೆನ್ಸಾರಿನವರು ಬಿಟ್ಟರು. ಕೇಳಿದ ಜನಕ್ಕೆ ಅದು ಯಾರಿಗೆ ಹೇಳಿದ ಮಾತು ಅನ್ನುವುದು ಚೆನ್ನಾಗಿ ಗೊತ್ತಿತ್ತು. ಆ ದನಿ ಹೊರಟದ್ದು ಬೀಳಗಿಯ ಒಬ್ಬ ಹೆಣ್ಣುಮಗಳ ಕೊರಳಿನಿಂದ ಅಂತ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು?

ಬೇರೆ ಗಾಯಕರಿಗೆ ಹಾಡಿಗೆ 500 ರೂಪಾಯಿ ಇದ್ದಾಗ ಅಮೀರ್‌ಬಾಯಿಗೆ 1,000 ಸಿಗುತ್ತಿತ್ತು ಎಂದು 'ಫಿಲ್ಮ್‌ಇಂಡಿಯಾ'ದ ಬಾಬೂರಾವ್ ಪಟೇಲ್ ಬರೆದಿದ್ದರು. ಆಮೇಲೆ ಲತಾ ಮಂಗೇಶ್ಕರ್ ಬಂದರು, ಕೇಳುವವರ ರುಚಿ ಬದಲಾಯಿತು, ಅಮೀರ್‌ಬಾಯಿ ಸಣ್ಣ ಪಾತ್ರಗಳಿಗೆ ಮರಳಿದರು, 1965ರಲ್ಲಿ ತೀರಿಕೊಂಡರು. ವಿಜಯಪುರದ ಅಮೀರ್ ಟಾಕೀಸ್ ಅವರ ಹೆಸರಿನದೇ. ರಹಮತ್ ತರೀಕೆರೆ ಅವರು ಅಮೀರ್‌ಬಾಯಿ ಮೇಲೆ ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ, ನಮ್ಮ ಸಂಘದ ಗ್ರಂಥಾಲಯಕ್ಕೆ ತರಿಸಿಕೊಳ್ಳಬೇಕು.

ದೇಸಾಯಿ, ಅಮೀರ್‌ಬಾಯಿ ಮತ್ತೊಮ್ಮೆ ಒಂದೇ ಚಿತ್ರದಲ್ಲಿ ಸಿಗುತ್ತಾರೆ. 1947ರ 'ಶಹನಾಯಿ'ಯಲ್ಲಿ ಅವರು ನಟಿಸಿದ್ದಾರೆ, ಇವರು ಸಿ. ರಾಮಚಂದ್ರರ ಸಂಗೀತದಲ್ಲಿ ಹಾಡಿದ್ದಾರೆ. ಈ ವರ್ಷ ಮಕ್ಕಳ ದಿನದ ಚಿತ್ರಪ್ರದರ್ಶನಕ್ಕೆ ಸಂಘದ ಸಮಿತಿಯವರು 'ಕಿಸ್ಮತ್' ಇಟ್ಟುಕೊಳ್ಳಲಿ ಎಂದು ನನ್ನ ವಿನಂತಿ. ಚಿತ್ರ ಶುರುವಾಗುವ ಮುಂಚೆ ಯಾರಾದರೂ ಎದ್ದು ನಿಂತು ಈ ಎರಡು ಹೆಸರನ್ನು ಹೇಳಿದರೆ ಸಾಕು, ಬೇಕಾದರೆ ಆ ಕೆಲಸ ನಾನೇ ಮಾಡುತ್ತೇನೆ.